ಆಸ್ತಿಯಿಲ್ಲದ ಉಯಿಲುಗಳು

ಉಯಿಲು ಎಂಬ ಮಾತು ಕಿವಿಗೆ ಬಿದ್ದೊಡನೆ ನಮಗೆ ನೆನಪಾಗುವುದು ವಕೀಲರು, ಇಬ್ಬರು ಸಾಕ್ಷಿಗಳು, ರಿಜಿಸ್ಟ್ರಾರ್ ಕಚೇರಿ. ಮನೆ ಯಾರ ಪಾಲಿಗೆ, ಗದ್ದೆ ಯಾರ ಪಾಲಿಗೆ, ತಾಯಿಯ ಒಡವೆ ಯಾವ ಮಗಳಿಗೆ ಎಂಬ ವಿಚಾರ. ಮಾತೇನೋ ಇಂಗ್ಲಿಷಿನ ‘ವಿಲ್’ ನಮ್ಮ ನಾಲಗೆಯ ಮೇಲೆ ಹೊರಳಿ ಆದದ್ದು. ಮೂಲದಲ್ಲಿ ಅದಕ್ಕೆ ಇಚ್ಛೆ ಎಂದು ಅರ್ಥ. ಆಸ್ತಿಯ ವಿಷಯದಲ್ಲಿ ಮಾತ್ರವೇ ಮನುಷ್ಯನಿಗೆ ಇಚ್ಛೆ ಇರತಕ್ಕದ್ದೆಂಬ ನಿಯಮವೇನೂ ಇಲ್ಲವಷ್ಟೆ. ಜವಾಹರಲಾಲ್ ನೆಹರೂ ಅವರು 1954ರ ಜೂನ್ 21ರಂದು ಬರೆದಿಟ್ಟ ಉಯಿಲು 1964ರಲ್ಲಿ ಅವರು ತೀರಿಕೊಂಡ ಮೇಲೆ ಬಹಿರಂಗವಾದಾಗ ದೇಶದ ಜನ ಓದಿ ನೆನಪಿನಲ್ಲಿಟ್ಟುಕೊಂಡದ್ದು ಆಸ್ತಿಯ ಭಾಗವನ್ನಲ್ಲ. ತಮ್ಮ ಚಿತಾಭಸ್ಮದ ಒಂದು ಹಿಡಿಯನ್ನು ಗಂಗೆಗೆ ಬಿಡಬೇಕು, ಉಳಿದದ್ದನ್ನು ವಿಮಾನದಿಂದ ರೈತರು ದುಡಿಯುವ ಹೊಲಗಳ ಮೇಲೆ ಚೆಲ್ಲಬೇಕು ಎಂದೂ, ಹಾಗೇಕೆ ಎಂದೂ ಅವರು ಬರೆದಿದ್ದ ಪುಟಗಳನ್ನು.

ಇಂಥ ಉಯಿಲಿಗೆ ಪ್ರಪಂಚದಲ್ಲಿ ಹಳೆಯ ಇತಿಹಾಸವೊಂದುಂಟು. ಹಿರಿಯರು ಕಣ್ಣು ಮುಚ್ಚುವ ಮುನ್ನ ಕಿರಿಯರಿಗೆ ಬುದ್ಧಿ ಹೇಳುವುದು ಎಲ್ಲ ಜನಾಂಗಗಳಲ್ಲಿಯೂ ಇದ್ದದ್ದೇ. ಶರಶಯ್ಯೆಯ ಮೇಲೆ ಮಲಗಿದ ಭೀಷ್ಮ ಧರ್ಮರಾಯನಿಗೆ ಹೇಳಿದ. ಬೈಬಲಿನ ಯಾಕೋಬ ಹಾಸಿಗೆಯ ಸುತ್ತ ಹನ್ನೆರಡು ಮಕ್ಕಳನ್ನು ಕರೆದು ಹೇಳಿದ. ಆದರೆ ಅವರ ಮಾತನ್ನು ಕೇಳುವವರು ಎದುರಿಗೇ ಇದ್ದರು. ಕೇಳಬೇಕಾದವನು ಎದುರಿಗಿಲ್ಲದಾಗ, ಇದ್ದರೂ ಕೇಳದಿದ್ದಾಗ, ತಂದೆತಾಯಿಗಳು ಲೇಖನಿ ಹಿಡಿಯುತ್ತಾರೆ. ಯೆಹೂದ್ಯರಲ್ಲಿ ಇದು ಮಧ್ಯಯುಗದ ಹೊತ್ತಿಗೆ ಒಂದು ಸಂಪ್ರದಾಯವೇ ಆಗಿತ್ತು. ಹೀಬ್ರೂ ಭಾಷೆಯಲ್ಲಿ ಆಸ್ತಿಯ ಉಯಿಲಿಗೂ ಈ ನೀತಿಯ ಉಯಿಲಿಗೂ ಒಂದೇ ಹೆಸರು. ಇಸ್ರೇಲ್ ಅಬ್ರಹಾಮ್ಸ್ ಎಂಬ ವಿದ್ವಾಂಸರು ಸಂಗ್ರಹಿಸಿದ ಇಂಥ ಪತ್ರಗಳು 1926ರಲ್ಲಿ ಎರಡು ಸಂಪುಟಗಳಾಗಿ ಅಚ್ಚಾದುವು. ಅವುಗಳಲ್ಲಿ ಒಂದೆರಡನ್ನು ಇಲ್ಲಿ ನೋಡೋಣ. ಅದಕ್ಕೆ ಮೊದಲು, ಅವೆಲ್ಲಕ್ಕಿಂತ ಹಿಂದೆ ಒಬ್ಬ ಕ್ರೈಸ್ತ ತಾಯಿ ಬರೆದ ಪುಸ್ತಕದ ವಿಷಯ ಹೇಳಬೇಕು.

ಆಕೆಯ ಹೆಸರು ಧುವೋದಾ. 824ರ ಜೂನ್ 29ರಂದು ಆಖೆನ್ ಅರಮನೆಯಲ್ಲಿ ಆಕೆಯ ಮದುವೆ. ಗಂಡ ಬರ್ನಾರ್ಡ್ ಫ್ರಾಂಕ್ ಸಾಮ್ರಾಜ್ಯದ ದೊಡ್ಡ ಸಾಮಂತ. ಚಕ್ರವರ್ತಿ ಲೂಯಿಯ ಆಸ್ಥಾನದಲ್ಲಿ ಕೆಲವು ಕಾಲ ಅವನದೇ ಕಾರುಬಾರು. ಮಹತ್ವಾಕಾಂಕ್ಷಿ, ನಂಬುವುದಕ್ಕಾಗದ ಮನುಷ್ಯ. ಹೆಂಡತಿಯನ್ನು ದಕ್ಷಿಣ ಫ್ರಾನ್ಸಿನ ಉಜೆಸ್ ಎಂಬ ಊರಿನಲ್ಲಿರಿಸಿ ತಾನು ರಾಜಕೀಯದಲ್ಲಿ ಮುಳುಗಿದ್ದ. ಮೊದಲ ಮಗ ವಿಲಿಯಂ ಹುಟ್ಟಿದ್ದು 826ರಲ್ಲಿ. ಎರಡನೆಯ ಮಗ ಹುಟ್ಟಿದ್ದು 841ರ ಮಾರ್ಚಿಯಲ್ಲಿ, ಎಂದರೆ ಹದಿನಾಲ್ಕು ವರ್ಷಗಳ ಮೇಲೆ. ಅದೇ ವರ್ಷದ ಜೂನ್ ತಿಂಗಳಲ್ಲಿ ಚಕ್ರವರ್ತಿಯ ಮಕ್ಕಳು ರಾಜ್ಯಕ್ಕಾಗಿ ಫಾಂತನೊಯ್ ಬಯಲಿನಲ್ಲಿ ತಮ್ಮ ತಮ್ಮಲ್ಲೇ ಕಾದಿದರು. ಬರ್ನಾರ್ಡ್ ಯಾರ ಕಡೆಗೂ ಸೇರದೆ ಹತ್ತಿರದಲ್ಲೇ ಬೀಡುಬಿಟ್ಟು, ಗೆಲ್ಲುವವರು ಯಾರೆಂದು ಕಾದು ನೋಡಿದ. ಇತಿಹಾಸಕಾರರು ಬೋಳುತಲೆಯ ಚಾರ್ಲ್ಸ್ ಎಂದು ಕರೆಯುವ ರಾಜನ ಪಕ್ಷಕ್ಕೆ ಜಯವಾಗಲು, ತನ್ನ ನಿಷ್ಠೆಗೆ ಒತ್ತೆಯಾಗಿ ಮಗ ವಿಲಿಯಮನನ್ನು ಅವನ ಬಳಿಗೆ ಕಳುಹಿಸಿದ. ಸಾಲದೆಂಬಂತೆ ಹಾಲು ಕುಡಿಯುವ ಕೂಸನ್ನೂ ತಾಯಿಯಿಂದ ತರಿಸಿಕೊಂಡ. ಮಗುವಿಗೆ ಇನ್ನೂ ನಾಮಕರಣವಾಗಿರಲಿಲ್ಲ. ತಂದೆ ಅದಕ್ಕೆ ಏನೆಂದು ಹೆಸರಿಟ್ಟನೋ ತಾಯಿಗೆ ತಿಳಿಯಲಿಲ್ಲ.

ಆ ವರ್ಷದ ನವೆಂಬರ್ 30ರಂದು ಆಕೆ ಲ್ಯಾಟಿನ್ ಭಾಷೆಯಲ್ಲಿ ಒಂದು ಕೈಪಿಡಿಯನ್ನು ಪ್ರಾರಂಭಿಸಿ 843ರ ಫೆಬ್ರವರಿ 2ರಂದು ಮುಗಿಸಿದಳು. ಅದು ಹದಿನೈದರ ಹುಡುಗ ವಿಲಿಯಮನಿಗೆ. ಉಳಿದ ತಾಯಂದಿರು ಮಕ್ಕಳೊಡನೆ ಇದ್ದು ಸುಖಪಡುತ್ತಾರೆ, ತನಗೆ ಆ ಭಾಗ್ಯವಿಲ್ಲ, ಆದುದರಿಂದ ಈ ಪುಸ್ತಕ ತನ್ನ ಬದಲಿಗೆ ಅವನ ಬಳಿ ಇರಲಿ, ಕನ್ನಡಿ ನೋಡಿಕೊಳ್ಳುವಂತೆ ಇದನ್ನು ಆಗಾಗ ನೋಡಲಿ ಎಂದು ಮೊದಲಲ್ಲೇ ಹೇಳುತ್ತಾಳೆ. ದೇವರಲ್ಲಿ ಭಕ್ತಿ, ಬಡವರಲ್ಲಿ ದಯೆ, ಪ್ರಾರ್ಥನೆಯ ಕ್ರಮ, ಆಸ್ಥಾನದಲ್ಲಿ ನಡೆದುಕೊಳ್ಳುವ ರೀತಿ, ಹೀಗೆ ನಿರೀಕ್ಷಿಸಬಹುದಾದದ್ದೆಲ್ಲ ಅದರಲ್ಲಿದೆ. ಆ ಅಧ್ಯಾಯಗಳನ್ನು ಆ ಕಾಲದ ಯಾವ ಪಾದ್ರಿಯಾದರೂ ಬರೆಯಬಹುದಾಗಿತ್ತು. ಪುಸ್ತಕ ಜೀವ ತಳೆಯುವುದು ಬೇರೆ ಕಡೆಗಳಲ್ಲಿ. ಪುಟ್ಟ ತಮ್ಮನ ಹೆಸರು ತನಗೆ ಗೊತ್ತಿಲ್ಲವೆಂದು ಬರೆದು, ಅವನು ಓದುವ ವಯಸ್ಸಿಗೆ ಬಂದಾಗ ಈ ಪುಸ್ತಕವನ್ನು ಅವನಿಗೂ ಓದಿಸು ಎನ್ನುತ್ತಾಳೆ. ಗಂಡನ ವ್ಯವಹಾರಗಳು ಕೆಡದಿರಲೆಂದು ತಾನು ಕ್ರೈಸ್ತರಿಂದಲೂ ಯೆಹೂದ್ಯರಿಂದಲೂ ಸಾಲ ಎತ್ತಿರುವುದನ್ನು ತಿಳಿಸಿ, ತಾನು ಸತ್ತಾಗ ಏನಾದರೂ ಬಾಕಿ ಉಳಿದಿದ್ದರೆ ತೀರಿಸಬೇಕೆಂದು ಕೇಳಿಕೊಳ್ಳುತ್ತಾಳೆ. ಗಂಡನ ಮನೆತನದಲ್ಲಿ ಗತಿಸಿದವರ ಹೆಸರುಗಳನ್ನು ಒಂದೊಂದಾಗಿ ಬರೆದು, ಇವರಿಗಾಗಿ ಪ್ರಾರ್ಥಿಸು ಎನ್ನುತ್ತಾಳೆ; ನಮ್ಮಲ್ಲಿ ತರ್ಪಣ ಬಿಡುವಾಗ ಹೆಸರು ಹೇಳುತ್ತೇವಲ್ಲ, ಹಾಗೆ. ತಾನು ಹೋದ ಮೇಲೆ ತನ್ನ ಹೆಸರನ್ನೂ ಆ ಪಟ್ಟಿಗೆ ಸೇರಿಸು ಎಂದು ಹೇಳಲು ಮರೆಯುವುದಿಲ್ಲ. ಸಮಾಧಿಯ ಮೇಲೆ ಕೆತ್ತಿಸಬೇಕಾದ ಪದ್ಯವನ್ನು ಕೂಡ ತಾನೇ ರಚಿಸಿಟ್ಟಿದ್ದಾಳೆ.

ಆಕೆಯ ಉಪದೇಶದಲ್ಲಿ ಒಂದು ಮಾತು ಮಾತ್ರ ಇತಿಹಾಸವನ್ನು ತಿಳಿದು ಓದುವವರ ಎದೆಯನ್ನು ಚುಚ್ಚುತ್ತದೆ. ರಾಜನಿಗೆ ದ್ರೋಹ ಮಾಡಬೇಡ ಎಂದು ಆಕೆ ಬಹಳ ಒತ್ತಿ ಹೇಳುತ್ತಾಳೆ. ಆದರೆ ಎಲ್ಲರಿಗಿಂತ ಮೊದಲು ನಿನ್ನ ನಿಷ್ಠೆ ನಿನಗೆ ಜನ್ಮ ಕೊಟ್ಟ ತಂದೆಗೆ ಸಲ್ಲತಕ್ಕದ್ದು ಎಂದೂ ಹೇಳುತ್ತಾಳೆ. ತನ್ನನ್ನು ದೂರವಿರಿಸಿದ, ಕೈಗೂಸನ್ನು ಕಸಿದುಕೊಂಡ ಗಂಡನ ಮೇಲೆ ಒಂದು ಕಟುವಾದ ಅಕ್ಷರವೂ ಆ ಪುಸ್ತಕದಲ್ಲಿಲ್ಲ. ಮಗನ ಮನಸ್ಸು ತಂದೆಯ ವಿಷಯದಲ್ಲಿ ಕಹಿಯಾಗಬಾರದೆಂದು ಆಕೆ ನುಂಗಿಕೊಂಡದ್ದೆಷ್ಟೋ. 844ರಲ್ಲಿ, ಪುಸ್ತಕ ಮುಗಿದು ಒಂದೇ ವರ್ಷದಲ್ಲಿ, ಚಾರ್ಲ್ಸ್ ರಾಜ ಬರ್ನಾರ್ಡನನ್ನು ರಾಜದ್ರೋಹಕ್ಕಾಗಿ ಕೊಲ್ಲಿಸಿದ. ತಂದೆಗೂ ದೊರೆಗೂ ಒಟ್ಟಿಗೆ ನಿಷ್ಠನಾಗಿರುವ ದಾರಿ ಅಲ್ಲಿಗೆ ಮುಚ್ಚಿತು. ವಿಲಿಯಂ ತಂದೆಯನ್ನು ಆರಿಸಿಕೊಂಡ. ರಾಜನ ಮೇಲೆ ಕತ್ತಿ ಎತ್ತಿ, 848ರಲ್ಲಿ ಬಾರ್ಸಿಲೋನಾ ನಗರವನ್ನು ಹಿಡಿದು, 850ರಲ್ಲಿ ಅಲ್ಲಿಯೇ ಸೆರೆ ಸಿಕ್ಕಿ ಹತನಾದ. ಇಪ್ಪತ್ತನಾಲ್ಕು ತುಂಬಿರಲಿಲ್ಲ. ತಾಯಿಯ ಪುಸ್ತಕವೇ ಅವನನ್ನು ಆ ದಾರಿಗೆ ತಳ್ಳಿತೆಂದರೆ ಅತಿಯಾದೀತು; ಆ ಕಾಲದಲ್ಲಿ ತಂದೆಯ ಕೊಲೆಗೆ ಸೇಡು ತೀರಿಸಿಕೊಳ್ಳದ ಮಗ ಮಗನೇ ಅಲ್ಲ. ಆದರೂ ಹೇಳಿದ ಮಾತು ಮಕ್ಕಳ ಕೈಯಲ್ಲಿ ಏನಾಗುತ್ತದೆಂಬುದನ್ನು ಹೇಳಿದವರು ನಿಶ್ಚಯಿಸಲಾರರು.

ಧುವೋದಾ ಬಾಳಿದ ಉಜೆಸಿನಿಂದ ಸುಮಾರು 50 ಕಿಲೋಮೀಟರು ದೂರದಲ್ಲಿ ಲುನೆಲ್ ಎಂಬ ಊರಿದೆ. ಮುನ್ನೂರು ಮುನ್ನೂರೈವತ್ತು ವರ್ಷಗಳ ತರುವಾಯ, ಸುಮಾರು 1190ರಲ್ಲಿ, ಅಲ್ಲಿ ಇನ್ನೊಬ್ಬರು ಮಗನಿಗೆ ಬರೆಯುತ್ತಿದ್ದರು. ಅವರು ಯೆಹೂದ ಇಬ್ನ್ ತಿಬ್ಬೋನ್, ಯೆಹೂದ್ಯ ವೈದ್ಯರು. ಹುಟ್ಟಿದ್ದು ಸ್ಪೇನಿನ ಗ್ರನಾಡದಲ್ಲಿ. ಅಲ್ಮೊಹಾದರ ಮತಹಿಂಸೆಯ ಕಾಲದಲ್ಲಿ ಊರು ಬಿಟ್ಟು ಲುನೆಲ್ ಸೇರಿದವರು. ಸ್ಪೇನಿನ ಯೆಹೂದ್ಯ ಪಂಡಿತರು ತಮ್ಮ ಶಾಸ್ತ್ರಗ್ರಂಥಗಳನ್ನು ಅರಬ್ಬಿಯಲ್ಲಿ ಬರೆಯುತ್ತಿದ್ದರು. ಫ್ರಾನ್ಸಿನ ಯೆಹೂದ್ಯರಿಗೆ ಅರಬ್ಬಿ ಬಾರದು. ಎರಡೂ ಬಲ್ಲ ಯೆಹೂದರು ಆ ಗ್ರಂಥಗಳನ್ನು ಹೀಬ್ರೂವಿಗೆ ತಂದರು. ಬಹ್ಯಾ ಇಬ್ನ್ ಪಕೂದನ ನೀತಿಗ್ರಂಥ 1161ರಲ್ಲಿ, ಯೆಹೂದ ಹಲೇವಿಯ ಕುಜಾರಿ 1167ರಲ್ಲಿ, ಸಾದಿಯಾನ ತತ್ತ್ವಗ್ರಂಥ 1186ರಲ್ಲಿ. ಅನುವಾದಕರ ಪಿತಾಮಹ ಎಂದು ಅವರ ಜನ ಅವರನ್ನು ಸ್ಮರಿಸುತ್ತಾರೆ.

ಅವರಿಗೆ ಒಬ್ಬನೇ ಮಗ, ಸ್ಯಾಮ್ಯುಯೆಲ್. ಆ ಮಗನಿಗೆ ಬರೆದ ಉಯಿಲನ್ನು ಓದಿದರೆ, ಎಂಟುನೂರು ವರ್ಷ ಹಿಂದಿನ ಪ್ರೊವೆನ್ಸಿನಲ್ಲಿ ಇದ್ದೇವೋ ಮಲ್ಲೇಶ್ವರದ ಯಾವುದಾದರೂ ಮನೆಯ ನಡುಮನೆಯಲ್ಲಿದ್ದೇವೋ ಎಂದು ಅನುಮಾನ ಬರುತ್ತದೆ. ನಿನಗಾಗಿ ದೂರದೇಶದಿಂದ ಉಪಾಧ್ಯಾಯರನ್ನು ಕರೆತಂದೆ. ಖರ್ಚನ್ನೂ ನೋಡಲಿಲ್ಲ, ದಾರಿಯ ಅಪಾಯವನ್ನೂ ನೋಡಲಿಲ್ಲ. ನಿನ್ನ ಓರಗೆಯವರು ಒಂದು ಪುಸ್ತಕಕ್ಕಾಗಿ ಊರೂರು ಅಲೆಯುತ್ತಿರುವಾಗ ಮನೆಯಲ್ಲೇ ಒಂದೊಂದಕ್ಕೆ ಎರಡು ಮೂರು ಪ್ರತಿ ಕೂಡಿಸಿಟ್ಟೆ. ನೀನು ಅವುಗಳ ಕಡೆ ತಿರುಗಿ ನೋಡುವುದಿಲ್ಲ. ಅರಬ್ಬಿ ಬರೆಯುವುದನ್ನು ಕಲಿ ಎಂದು ಬೇಡಿಕೊಂಡೆ, ಕಲಿಯಲಿಲ್ಲ. ವ್ಯಾಪಾರದ ಮಾತನ್ನು ನನಗೆ ತಿಳಿಸದೆ ನಡೆಸಿದೆ. ಇದು ಅವರ ದೂರಿನ ಸಾರಾಂಶ. ಅರಬ್ಬಿಯ ವಿಷಯದಲ್ಲಿ ಉದಾಹರಣೆಗೂ ಕೊರತೆಯಿಲ್ಲ: ಗ್ರನಾಡದ ಮಂತ್ರಿಪದವಿಗೇರಿದ ಸ್ಯಾಮ್ಯುಯೆಲ್ ಹನಗೀದ್ ಅಷ್ಟು ಎತ್ತರಕ್ಕೆ ಬಂದದ್ದು ಅರಬ್ಬಿ ಬರೆವಣಿಗೆಯ ಬಲದಿಂದಲ್ಲವೆ ಎಂದು ಕೇಳುತ್ತಾರೆ. ನೆರೆಮನೆಯ ಹುಡುಗನನ್ನು ತೋರಿಸಿ ಮಗನಿಗೆ ಬುದ್ಧಿ ಹೇಳುವುದು ಎಲ್ಲ ಕಾಲದಲ್ಲಿಯೂ ನಡೆದಿದೆ. ಇವರ ನೆರೆಮನೆಯ ಹುಡುಗ ಸ್ವಲ್ಪ ದೊಡ್ಡವನು, ಅಷ್ಟೆ.

ಗೊಣಗಾಟ ಮುಗಿದು ಪುಸ್ತಕಗಳ ಮಾತಿಗೆ ಬಂದಾಗ ಮುದುಕರ ಧ್ವನಿಯೇ ಬದಲಾಗುತ್ತದೆ. ಹೀಬ್ರೂ ಪುಸ್ತಕಗಳನ್ನು ತಿಂಗಳಿಗೊಮ್ಮೆ, ಅರಬ್ಬಿ ಪುಸ್ತಕಗಳನ್ನು ಎರಡು ತಿಂಗಳಿಗೊಮ್ಮೆ ತೆಗೆದು ನೋಡಬೇಕು. ಒಂದೊಂದು ಪೆಟ್ಟಿಗೆಯಲ್ಲೂ ಅದರೊಳಗೆ ಏನೇನಿದೆಯೆಂಬ ಪಟ್ಟಿ ಇರಬೇಕು. ಮೇಲೆ ಒಳ್ಳೆಯ ಬಟ್ಟೆ ಹೊದಿಸಿ, ಮಾಡಿನಿಂದ ತೊಟ್ಟಿಕ್ಕುವ ನೀರು, ಇಲಿ, ಇವುಗಳಿಂದ ಕಾಪಾಡಬೇಕು. ಕೊಂಡು ಓದುವ ಶಕ್ತಿಯಿಲ್ಲದವರಿಗೆ, ಹಿಂದಿರುಗಿಸುತ್ತಾರೆಂಬ ನಂಬಿಕೆಯಿದ್ದರೆ, ಕೊಡದೆ ಇರಬಾರದು. ಆದರೆ ಪುಸ್ತಕ ಹೊಸಲು ದಾಟುವ ಮೊದಲು ಬರೆದಿಟ್ಟುಕೊಳ್ಳಬೇಕು, ಬಂದ ಮೇಲೆ ಹೊಡೆದುಹಾಕಬೇಕು. ವರ್ಷಕ್ಕೆ ಎರಡು ಸಲ, ಎರಡು ದೊಡ್ಡ ಹಬ್ಬಗಳ ಹೊತ್ತಿಗೆ, ಹೊರಗೆ ಹೋದದ್ದನ್ನೆಲ್ಲ ತರಿಸಿಕೊಳ್ಳಬೇಕು. ಪುಸ್ತಕ ಎರವಲು ಕೊಟ್ಟು ಕಳೆದುಕೊಂಡವರಿಗೆ ಈ ಕಟ್ಟಳೆಯ ಬೆಲೆ ಗೊತ್ತು. ಇದಲ್ಲದೆ, ಹೆಂಡತಿಯನ್ನು ಗೌರವದಿಂದ ಕಾಣು, ಊಟದಲ್ಲಿ ಹಿತಮಿತವಿರಲಿ, ಔಷಧಿಗಳನ್ನು ವಾರಕ್ಕೊಮ್ಮೆ ಪರೀಕ್ಷಿಸು, ಗುಣ ತಿಳಿಯದ ಮೂಲಿಕೆಯನ್ನು ರೋಗಿಗೆ ಕೊಡಬೇಡ, ಬರೆದ ಕಾಗದವನ್ನು ಕಳುಹಿಸುವ ಮುನ್ನ ಮತ್ತೊಮ್ಮೆ ಓದು ಎಂಬ ಮಾತುಗಳುಂಟು. ಈ ಉಯಿಲನ್ನು ದಿನಕ್ಕೊಂದು ಸಲ ಓದತಕ್ಕದ್ದು ಎಂಬ ಅಪ್ಪಣೆಯೂ ಉಂಟು. ಸ್ಯಾಮ್ಯುಯೆಲ್ ಓದಿದನೋ ಬಿಟ್ಟನೋ, ಯಾರು ಕಂಡರು?

ಮಗ ಮುಂದೆ ಏನಾದನೆಂಬುದಕ್ಕೆ ದಾಖಲೆಯಿದೆ. ಆ ಕಾಲದ ಯೆಹೂದ್ಯ ಪಂಡಿತರಲ್ಲಿ ಅಗ್ರಗಣ್ಯರಾದ ಮೈಮೋನಿಡೀಸ್ ಈಜಿಪ್ಟಿನಲ್ಲಿದ್ದರು. ಸುಲ್ತಾನನ ಆಸ್ಥಾನದಲ್ಲಿ ವೈದ್ಯರು. ಅವರು ಅರಬ್ಬಿಯಲ್ಲಿ ಬರೆದ ಮಹಾಗ್ರಂಥ ‘ಗೊಂದಲಗೊಂಡವರಿಗೆ ದಾರಿ’ ಎಂಬುದನ್ನು ಹೀಬ್ರೂವಿಗೆ ತರುವ ಕೆಲಸವನ್ನು ಕೈಗೊಂಡವನು ಇದೇ ಸ್ಯಾಮ್ಯುಯೆಲ್. ಸಂಶಯ ಬಂದೆಡೆಗಳನ್ನೆಲ್ಲ ಗ್ರಂಥಕರ್ತರಿಗೇ ಬರೆದು ಕೇಳಿದ. ತಾನೇ ಬಂದು ಕಾಣಬೇಕೆಂದೂ ಬಯಸಿದ. ಮೈಮೋನಿಡೀಸ್ 1199ರಲ್ಲಿ ಉತ್ತರ ಬರೆದರು. ಬರುವುದಾದರೆ ದರ್ಶನಕ್ಕೆ ಬಾ, ನನ್ನಿಂದ ಒಂದು ಗಳಿಗೆ ಬಿಡುವನ್ನೂ ಎದುರುನೋಡಬೇಡ ಎಂದು ತಮ್ಮ ದಿನಚರಿಯನ್ನೇ ವಿವರಿಸಿದರು: ಬೆಳಿಗ್ಗೆ ಫುಸ್ತಾತಿನಿಂದ ಕೈರೋವಿನ ಅರಮನೆಗೆ ಹೋಗುವುದು, ಮಧ್ಯಾಹ್ನ ಕಳೆದು ಹಸಿದು ಮನೆಗೆ ಬಂದರೆ ಜಗಲಿಯ ತುಂಬ ರೋಗಿಗಳು, ರಾತ್ರಿಯಾಗುವಷ್ಟರಲ್ಲಿ ಆಯಾಸದಿಂದ ಮಲಗಿಕೊಂಡೇ ಅವರಿಗೆ ಔಷಧಿ ಹೇಳಬೇಕಾದ ಸ್ಥಿತಿ. ಅದೇ ಪತ್ರದಲ್ಲಿ, ಅರಬ್ಬಿ ಸರಿಯಾಗಿ ಬಾರದವರ ನಾಡಿನಲ್ಲಿ ಬೆಳೆದವನಿಗೆ ಇಷ್ಟು ಒಳ್ಳೆಯ ಅರಬ್ಬಿ ಹೇಗೆ ಬಂತೆಂದು ಆಶ್ಚರ್ಯಪಟ್ಟಿದ್ದಾರೆ. ತಂದೆ ಯೆಹೂದರ ಕೀರ್ತಿಯನ್ನು ಕೇಳಿಬಲ್ಲೆನೆಂದೂ ಬರೆದಿದ್ದಾರೆ. ಅನುವಾದ 1204ರ ನವೆಂಬರ್ ಕೊನೆಗೆ, ಮೈಮೋನಿಡೀಸ್ ತೀರಿಕೊಳ್ಳುವುದಕ್ಕೆ ಎರಡು ವಾರ ಮುಂಚೆ, ಮುಗಿಯಿತು. ಸ್ಯಾಮ್ಯುಯೆಲನ ಮಗ ಮೋಸೆಸನೂ ಅಳಿಯ ಯಾಕೋಬ್ ಅನತೋಲಿಯೂ ಅನುವಾದಕರೇ ಆದರು. ಇಷ್ಟನ್ನು ನೋಡಲು ಯೆಹೂದರು ಉಳಿದಿರಲಿಲ್ಲ. ಅವರ ಪತ್ರದಲ್ಲಿ ಉಳಿದಿರುವುದು, ಮಗ ಕೈಬಿಟ್ಟು ಹೋದನೇನೋ ಎಂಬ ದಿಗಿಲು ಮಾತ್ರ.

ಮೈಮೋನಿಡೀಸ್ ವಾಸವಾಗಿದ್ದ ಫುಸ್ತಾತಿನ ಮಾತು ಬಂದದ್ದರಿಂದ, ನಮ್ಮ ಕರಾವಳಿಗೆ ಸೇರಿದ ಒಂದು ಸಂಗತಿಯನ್ನು ಬಿಟ್ಟುಹೋಗಲಾಗದು. ದೇವರ ಹೆಸರಿರುವ ಕಾಗದವನ್ನು ನಾಶಮಾಡಬಾರದೆಂಬುದು ಯೆಹೂದ್ಯರ ಪದ್ಧತಿ. ಹೀಗೆ ಫುಸ್ತಾತಿನ ಪ್ರಾರ್ಥನಾಮಂದಿರದ ಒಂದು ಕೋಣೆಯಲ್ಲಿ ಶತಮಾನಗಳ ಕಾಗದಪತ್ರಗಳು ರಾಶಿಬಿದ್ದಿದ್ದುವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವು ವಿದ್ವಾಂಸರ ಕೈಸೇರಿದಾಗ, ಮಂಗಳೂರಿನಲ್ಲಿ ಸುಮಾರು 1132ರಿಂದ 1149ರವರೆಗೆ ವ್ಯಾಪಾರ ಮಾಡಿಕೊಂಡಿದ್ದ ಅಬ್ರಹಾಂ ಬೆನ್ ಯೀಜು ಎಂಬ ಯೆಹೂದ್ಯನ ಕಾಗದಗಳೂ ಸಿಕ್ಕಿದುವು. ಇಲ್ಲಿ ಬರೆಯುವ ಕಾಗದ ದೊರಕದೆಂದು ಏಡನ್ನಿನ ಸ್ನೇಹಿತರು ಅವನಿಗೆ ಕಾಗದವನ್ನೇ ಉಡುಗೊರೆಯಾಗಿ ಕಳುಹಿಸುತ್ತಿದ್ದರು. ಆಶು ಎಂಬ ದಾಸಿಗೆ ಅವನು ಬಿಡುಗಡೆ ಕೊಟ್ಟ ಪತ್ರ 1132ರ ಅಕ್ಟೋಬರ್ 17ರದು, ಬರೆದದ್ದು ಮಂಗಳೂರಿನಲ್ಲಿ. ಅವಳೇ ಅವನ ಮಕ್ಕಳ ತಾಯಿ ಎಂದು ವಿದ್ವಾಂಸರ ಊಹೆ. ಏಡನ್ನಿಗೆ ಹಿಂದಿರುಗಿದ ಮೇಲೆ ಅವನು ಒಡಹುಟ್ಟಿದವರಿಗೆ ಬರೆದ ಕಾಗದಗಳು ಉಯಿಲುಗಳಲ್ಲವಾದರೂ ಅವುಗಳ ಹೃದಯ ಅದೇ. ನಾನು ಗಳಿಸಿದ್ದು ನಮಗೆಲ್ಲರಿಗೂ ಸಾಕು, ಬನ್ನಿ ಎಂದು ಕರೆಯುತ್ತಾನೆ. ಗಂಡುಮಗ ತೀರಿಕೊಂಡ ಮೇಲೆ, ಉಳಿದ ಒಬ್ಬಳೇ ಮಗಳನ್ನು ಪರರಿಗೆ ಕೊಡಲೊಲ್ಲೆ, ಅಣ್ಣತಮ್ಮಂದಿರ ಮಕ್ಕಳಲ್ಲಿ ಒಬ್ಬನಿಗೇ ಕೊಡುತ್ತೇನೆ ಎಂದು ಬರೆಯುತ್ತಾನೆ. 1156ರಲ್ಲಿ ಫುಸ್ತಾತಿನಲ್ಲಿ ಆ ಮದುವೆ ನಡೆಯಿತು.

ಹೆಸರುವಾಸಿಯಲ್ಲದವರೂ ಇಂಥ ಉಯಿಲು ಬರೆದಿಟ್ಟದ್ದುಂಟು. ಜರ್ಮನಿಯ ಮೈನ್ಸ್ ನಗರದ ಎಲಿಯೇಜರ್ ಎಂಬ ಗೃಹಸ್ಥ 1357ರಲ್ಲಿ ತೀರಿಕೊಂಡವನು. ವ್ಯವಹಾರದಲ್ಲಿ ಪ್ರಾಮಾಣಿಕರಾಗಿರಿ, ಜೂಜಾಡಬೇಡಿ ಎಂದು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಹೇಳಿ, ಕೊನೆಯಲ್ಲಿ ತನ್ನ ಶವಸಂಸ್ಕಾರದ ಮಾತೆತ್ತುತ್ತಾನೆ. ಬದುಕಿದ್ದಾಗ ಸಬ್ಬತ್ ದಿನ ಪ್ರಾರ್ಥನೆಗೆ ಹೋಗುತ್ತಿದ್ದಂತೆಯೇ ಮೈತೊಳೆದು ತಲೆಬಾಚಿ ಕಳುಹಿಸಿಕೊಡಿ. ತಂದೆಯ ಬಲಗಡೆ ಹೂಳಿರಿ; ಜಾಗ ಇಕ್ಕಟ್ಟಾಗಿದ್ದರೂ ಚಿಂತೆಯಿಲ್ಲ, ಅವರಿಗೆ ನನ್ನ ಮೇಲೆ ಪ್ರೀತಿ, ಸ್ವಲ್ಪ ಸರಿದು ಎಡೆಮಾಡಿಕೊಡುತ್ತಾರೆ ಎನ್ನುತ್ತಾನೆ. ಎಷ್ಟೋ ನೀತಿಶ್ಲೋಕಗಳಿಗಿಂತ ಈ ಮಾತನ್ನು ಮಕ್ಕಳು ಹೆಚ್ಚು ಕಾಲ ನೆನೆದಿರಬೇಕು.

ಈ ಬಳಗದಲ್ಲಿ ನನಗೆ ಎಲ್ಲರಿಗಿಂತ ಜಾಣೆಯಾಗಿ ಕಾಣುವವಳು ಗ್ಲೂಕೆಲ್. ಸುಮಾರು 1646ರಲ್ಲಿ ಹ್ಯಾಂಬರ್ಗಿನಲ್ಲಿ ಹುಟ್ಟಿದವಳು, ಹದಿನಾಲ್ಕಕ್ಕೆ ಮದುವೆ. 1689ರಲ್ಲಿ ಗಂಡ ಹೋದಾಗ ಹನ್ನೆರಡು ಮಕ್ಕಳು. ಅವರಲ್ಲಿ ಎಂಟು ಮಂದಿಗೆ ಇನ್ನೂ ಮದುವೆಯಾಗಿರಲಿಲ್ಲ. ಮುತ್ತಿನ ವ್ಯಾಪಾರವನ್ನು ತಾನೇ ನಡೆಸಿ, ಜಾತ್ರೆಯಂತೆ ನೆರೆಯುವ ದೊಡ್ಡ ಸಂತೆಗಳಿಗೆ ತಾನೇ ಹೋಗಿಬಂದು ಸಂಸಾರವನ್ನು ದಡ ಸೇರಿಸಿದಳು. ರಾತ್ರಿ ನಿದ್ರೆ ಬಾರದಾಗ, 1691ರಲ್ಲಿ, ಮಕ್ಕಳಿಗಾಗಿ ಮನೆಮಾತಾದ ಯಿಡ್ಡಿಷಿನಲ್ಲಿ ಬರೆಯತೊಡಗಿದಳು. ನೀತಿಗ್ರಂಥ ಬರೆಯುವುದು ನನ್ನ ಕೈಲಾಗದು, ಅದನ್ನು ಪಂಡಿತರು ಬರೆದಿದ್ದಾರೆ ಎಂದು ಮೊದಲೇ ಹೇಳಿಬಿಡುತ್ತಾಳೆ. ಬದಲಿಗೆ ತಾವು ಯಾರ ಮಕ್ಕಳು, ತಂದೆ ಹೇಗೆ ದುಡಿದರು, ಎಲ್ಲಿ ಮೋಸಹೋದರು, ಯಾವ ಮದುವೆಗೆ ಎಷ್ಟು ಕೊಟ್ಟರು, ಎಲ್ಲವನ್ನೂ ಹೇಳುತ್ತಾಳೆ.

ಆರಂಭದಲ್ಲೇ ಒಂದು ಹಕ್ಕಿಯ ಕಥೆ ಬರುತ್ತದೆ. ಬಿರುಗಾಳಿಗೆ ಸಿಕ್ಕ ತಂದೆಹಕ್ಕಿ ತನ್ನ ಮೂರು ಮರಿಗಳನ್ನು ಒಂದೊಂದಾಗಿ ಹೊತ್ತು ಸಮುದ್ರ ದಾಟಿಸಲು ಹೊರಟಿತು. ನಡುನೀರಿನ ಮೇಲೆ ಮೊದಲ ಮರಿಯನ್ನು ಕೇಳಿತು: ನಿನಗಾಗಿ ಇಷ್ಟು ಪಾಡುಪಡುತ್ತಿದ್ದೇನೆ, ನನಗೆ ಮುಪ್ಪು ಬಂದಾಗ ನನ್ನನ್ನು ಹೀಗೆಯೇ ಹೊರುವೆಯಾ? ಅಗತ್ಯವಾಗಿ ಹೊರುತ್ತೇನಪ್ಪ, ಎಂದಿತು ಮರಿ. ಸುಳ್ಳುಗಾರ, ಎಂದು ತಂದೆ ಅದನ್ನು ನೀರಿಗೆ ಬಿಟ್ಟಿತು. ಎರಡನೆಯದೂ ಹಾಗೆಯೇ ನುಡಿದು ಹಾಗೆಯೇ ಮುಳುಗಿತು. ಮೂರನೆಯದು ಹೇಳಿತು: ಅಪ್ಪ, ಅಂಥ ಮಾತನ್ನು ನಾನು ಕೊಡಲಾರೆ, ಆದರೆ ನನಗೆ ಮರಿಗಳಾದಾಗ, ನೀನು ನನಗೆ ಮಾಡಿದ್ದನ್ನು ಅವಕ್ಕೆ ಮಾಡುತ್ತೇನೆ. ಅದನ್ನು ತಂದೆ ದಡ ಸೇರಿಸಿತು.

ಈ ಕಥೆಯನ್ನು ಬರೆದವಳು ತನ್ನ ಪಾಲಿಗೆ ಅದನ್ನು ನಿಜವೆಂದೇ ನಂಬಿದ್ದಳು. ಮಕ್ಕಳಿಗೆ ಭಾರವಾಗಬಾರದೆಂದು 1700ರಲ್ಲಿ ಮೆಟ್ಜ್ ನಗರದ ಒಬ್ಬ ಶ್ರೀಮಂತನನ್ನು ಮರುಮದುವೆಯಾದಳು. ಎರಡು ವರ್ಷಗಳಲ್ಲಿ ಆತ ದಿವಾಳಿಯೆದ್ದ, 1712ರಲ್ಲಿ ತೀರಿಕೊಂಡ. ಅದೇ ಊರಿನಲ್ಲಿದ್ದ ಮಗಳು ಎಸ್ತರ್, ಅಳಿಯ ಇಬ್ಬರೂ ಮನೆಗೆ ಬಾ ಎಂದು ಕರೆದರು. ಗ್ಲೂಕೆಲ್ ಮೂರು ವರ್ಷ ಒಪ್ಪಲಿಲ್ಲ. ಕೊನೆಗೆ ಬೇರೆ ದಾರಿಯಿಲ್ಲದೆ ಹೋದಳು. ಅಲ್ಲಿ ಕುಳಿತು ಬರೆದ ಕಡೆಯ ಭಾಗದಲ್ಲಿ, ಮಗಳೂ ಅಳಿಯನೂ ತನ್ನನ್ನು ಎಷ್ಟು ಆದರದಿಂದ ನೋಡಿಕೊಳ್ಳುತ್ತಿದ್ದಾರೆಂದು ಬರೆದಿದ್ದಾಳೆ. 1724ರಲ್ಲಿ ತೀರಿಕೊಂಡಳು.

ಧುವೋದಾಳ ಕೈಪಿಡಿಯ ಒಂದು ಹಳೆಯ ಪ್ರತಿ ವಿದ್ವಾಂಸರಿಗೆ ಸಿಕ್ಕಿದ್ದು ಮಗ ಹತನಾದ ಬಾರ್ಸಿಲೋನಾದಲ್ಲಿಯೇ. ಆದರೆ ಅದು ಹದಿನಾಲ್ಕನೆಯ ಶತಮಾನದ ನಕಲು, ವಿಲಿಯಂ ಕೈಯಲ್ಲಿ ಹಿಡಿದದ್ದಲ್ಲ. ಯೆಹೂದರ ಉಯಿಲು 1852ರಲ್ಲಿ ಬರ್ಲಿನ್ನಿನಲ್ಲಿ ಅಚ್ಚಾಯಿತು. ಗ್ಲೂಕೆಲಳ ಸ್ವಹಸ್ತದ ಪ್ರತಿ ಉಳಿದಿಲ್ಲ. 1896ರಲ್ಲಿ ಆ ಪುಸ್ತಕವನ್ನು ಮೊದಲು ಅಚ್ಚುಮಾಡಿದ ಡೇವಿಡ್ ಕೌಫ್‌ಮನ್ನರಿಗೆ ಆಧಾರವಾದದ್ದು ಒಂದು ನಕಲು ಪ್ರತಿ. ಆಕೆಯ ಮಕ್ಕಳಲ್ಲಿ ಮೋಸೆಸ್ ಎಂಬವನು ಬೈಯರ್ಸ್‌ಡಾರ್ಫ್ ಎಂಬ ಊರಿನಲ್ಲಿ ಧರ್ಮಗುರುವಾಗಿದ್ದ. ತಾಯಿ ಬರೆದದ್ದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಕೂತು ಪ್ರತಿಮಾಡಿಟ್ಟಿದ್ದವನು ಅವನು.